ಒಳಗಿನ ಹಿಡಿಕೆ

ನಲಿಕಲಿ ಕಾರ್ಡಿನ ಮೇಲೆ ‘ತಳ್ಳುವುದು, ಎಳೆಯುವುದು’ ಎಂದು ಅಚ್ಚಾಗಿತ್ತು. ನಾನು ಅದನ್ನು ಎತ್ತಿ ಹಿಡಿದು ಓದಿದರೆ ಮಕ್ಕಳು ಸುಮ್ಮನೆ ನನ್ನ ಮುಖ ನೋಡುತ್ತ ಕೂತರು. ಕಾರ್ಡು ಪಕ್ಕಕ್ಕಿಟ್ಟು, “ದಬ್ಬೋದು ಗೊತ್ತೈತಿಲ್ಲ? ಜಗ್ಗೋದು?” ಎಂದು ಕೇಳಿದ್ದೇ ತಡ, ಇಡೀ ತರಗತಿ ಎದ್ದು ನಿಂತಿತು.

“ಎಮ್ಮಿ ಹಗ್ಗ ಜಗ್ಗತೈತ್ರೀ!”

“ನಮ್ಮಪ್ಪನ ಟಂಟಂ ಚಾಲೂ ಆಗಲಿಲ್ಲಂದ್ರ ಎಲ್ಲಾರೂ ಕೂಡಿ ದಬ್ಬತೀವ್ರೀ!”

“ನಮ್ಮಕ್ಕ ನನ್ನ ಕೂದಲಾ ಜಗ್ಗತಾಳ್ರೀ!”

ಗದ್ದಲದ ಮಧ್ಯೆ ಹನುಮಂತು ಬೆಂಚಿನ ಮೇಲೆ ಹತ್ತಿ ಕೂಗಿದ: “ದೊಡ್ಡ ಸರ್ ಕೀಲಿ ಜಗ್ಗತಾರ್ರೀ!”

ಮಕ್ಕಳು ಬಿದ್ದು ಬಿದ್ದು ನಕ್ಕರು. ನಾನು ನಗಬಾರದಿತ್ತು, ನಕ್ಕೆ. ದೊಡ್ಡ ಸರ್ ಎಂದರೆ ನಮ್ಮ ಹೆಡ್ಮಾಸ್ತರು ತಾಯಪ್ಪನವರು. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ಅದನ್ನು ತೆಗೆಯುವುದು ಕೀಲಿಕೈ. ಶಾಲೆ ಬಿಟ್ಟ ಮೇಲೆ ತಾಯಪ್ಪನವರು ಒಂದೊಂದೇ ಕೋಣೆಯ ಮುಂದೆ ನಿಂತು ಬೀಗವನ್ನು ಹಿಡಿದು ಜಗ್ಗುತ್ತಾರೆ. ಗೇಟಿನವರೆಗೆ ಹೋದವರು ಏನೋ ನೆನಪಾದಂತೆ ತಿರುಗಿ ಬಂದು ಮತ್ತೊಮ್ಮೆ ಜಗ್ಗುತ್ತಾರೆ. ನಾನು ಮಸ್ಕಿಯ ಬಸ್ಸಿಗೆ ಕಾಯುತ್ತ ನಿಂತಾಗ ಆ ಖಡಖಡ ಸದ್ದು ರಸ್ತೆಗೂ ಕೇಳಿಸುತ್ತದೆ. ಅವರಿಗೆ ತಮ್ಮ ಕೈಯಿಂದ ಹಾಕಿದ ಬೀಗದ ಮೇಲೂ ನಂಬಿಕೆ ಇಲ್ಲ.

ಹಾಗಂತ ನಾನೇನೂ ಕಡಿಮೆಯಲ್ಲ. ನಾನು ಗುರುಗುಂಟಾ ಕಡೆಯವಳು. ಬೇಸಿಗೆಯಲ್ಲಿ ತುಂಬಿದ ಕೊಡಕ್ಕೂ ಕಾವಲು ಕೂತು ಬೆಳೆದವರು ನಾವು. ಈ ಕಾಲುವೆ ಸೀಮೆಗೆ, ಬಳಗಾನೂರು ದಾಟಿದ ಮೇಲೆ ಸಿಗುವ ನೀರಾವರಿಗೆಂದು ಬಂದವರು ಕಟ್ಟಿಕೊಂಡ ಈ ಕ್ಯಾಂಪಿನ ಶಾಲೆಗೆ ಬಂದ ಹೊಸದರಲ್ಲಿ, ಇಲ್ಲಿಯವರು ಹೊಲಕ್ಕೆ ನೀರನ್ನು ಸುಮ್ಮನೆ ಬಿಟ್ಟು ಮನೆಗೆ ಹೋಗುವುದನ್ನು ಕಂಡು ಇವರಿಗೆ ತಲೆ ನೆಟ್ಟಗಿದೆಯೇ ಎಂದುಕೊಂಡಿದ್ದೆ.

ಅದು ರಂಜಾನ್ ತಿಂಗಳು, ಮಾರ್ಚಿನ ಬಿಸಿಲು. ಬಿಸಿಯೂಟ ಮಾಡುವ ಮಾಸುಂಬಿ ರೋಜಾ ಹಿಡಿದಿದ್ದಳು. ನೀರಿನ ಹನಿ ಬಾಯಿಗೆ ಹಾಕದೆ, ಒಲೆಯ ಮುಂದೆ ನಿಂತು ಮಕ್ಕಳಿಗೆಲ್ಲ ಅನ್ನ ಸಾರು ಮಾಡುತ್ತಿದ್ದಳು. ರುಚಿ ನೋಡುವಂತಿಲ್ಲವಲ್ಲ, ಸಾರು ಕುದಿ ಬಂದಾಗ ನನ್ನನ್ನು ಕರೆಯುತ್ತಿದ್ದಳು. “ಟೀಚರ್ರೀ, ಉಪ್ಪು ನೋಡ್ರಿ ಬರ್ರಿ.” ಅಂಗೈಗೆ ಸಾರು ಬಿಡುತ್ತಿದ್ದಳು, ನಾನು ನೆಕ್ಕಿ ಹೇಳುತ್ತಿದ್ದೆ. ತಿಂಗಳ ಮೊದಲ ದಿನವೇ ತಾಯಪ್ಪನವರು ಅವಳನ್ನು ಕರೆದು, “ರೋಜಾ ಇದ್ದು ಒಲಿ ಮುಂದ ನಿಂದ್ರಾಕ ಆಗತೈತೇನು? ಆಗಲ್ಲಂದ್ರ ಈಗ ಹೇಳಿಬಿಡು, ಬ್ಯಾರೇದವರನ್ನ ನೋಡತೀವಿ” ಎಂದಿದ್ದರು. ಮಾಸುಂಬಿ, “ವರ್ಷಾ ವರ್ಷಾ ಮಾಡಾಕತ್ತೀನ್ರೀ ಸರ್ರಾ, ಈ ವರ್ಷ ಯಾಕ ಆಗಲ್ಲ?” ಎಂದು ನಕ್ಕಿದ್ದಳು. ಬ್ಯಾರೇದವರು ಯಾರೆಂಬುದು ಕ್ಯಾಂಪಿಗೆಲ್ಲ ಗೊತ್ತಿತ್ತು. ಶಾಲಾ ಸಮಿತಿಯ ಅಧ್ಯಕ್ಷ ಯಮನೂರಪ್ಪನ ತಂಗಿಯ ಸೊಸೆ ರೇಣುಕಮ್ಮ ಆ ಕೆಲಸದ ಮೇಲೆ ಕಣ್ಣಿಟ್ಟು ಬಹಳ ದಿನವಾಗಿತ್ತು. ಮಾಸುಂಬಿಯನ್ನು ಗಂಡ ಬಿಟ್ಟುಹೋಗಿದ್ದಾನೆ, ಮಗಳೂ ಮೊಮ್ಮಗಳೂ ಅವಳ ಮನೆಯಲ್ಲೇ ಇದ್ದಾರೆ. ಆ ಕೆಲಸ ಹೋದರೆ ಅವಳು ಬಿಸಿಲಲ್ಲಿ ಹತ್ತಿ ಬಿಡಿಸಲು ಹೋಗಬೇಕು.

ದಬ್ಬುವ ಜಗ್ಗುವ ಪಾಠ ಮಾಡಿದ ಮಾರನೆಯ ದಿನ ಮುಂಜಾನೆ ನಾನು ಬಸ್ಸಿಳಿದಾಗ ಅಡುಗೆ ಕೋಣೆಯ ಮುಂದೆ ಜನ ಸೇರಿತ್ತು. ಬಾಗಿಲು ಹಾರು ಹೊಡೆದಿತ್ತು. ಚೌಕಟ್ಟಿಗೆ ಬಡಿದಿದ್ದ ಕೊಂಡಿ ಕಿತ್ತು ಬಂದು, ಹಾಕಿದ ಬೀಗದ ಸಮೇತ ಚಿಲಕಕ್ಕೆ ಜೋತಾಡುತ್ತಿತ್ತು. ಒಳಗಿದ್ದ ತತ್ತಿಯ ಟ್ರೇ ಮಾಯವಾಗಿತ್ತು. ನೆಲದ ಮೇಲೆ ಮಾಸುಂಬಿ ತೊಡುವಂಥ ಹಸಿರು ಬಳೆಯ ಚೂರುಗಳು ಬಿದ್ದಿದ್ದವು.

ತಾಯಪ್ಪನವರು ಚೂರುಗಳನ್ನು ಕಾಗದದಲ್ಲಿ ಎತ್ತಿಕೊಂಡರು. “ನಿನ್ನಿ ಸಂಜಿಮುಂದ ನಾ ಬಂದು ನೋಡಿದ್ರ ಈ ಬಾಗಲಾ ಬರೇ ಮುಂದಕ ಮಾಡಿತ್ತು. ಚಿಲಕ ಸುದ್ದಾ ಹಾಕಿದ್ದಿಲ್ಲ, ಕೀಲಿ ಕೊಂಡಿಯಾಗ ತೆರೆದು ಜೋತಾಡಾಕತ್ತಿತ್ತು. ನಾನ ಚಿಲಕ ಹಾಕಿ, ಕೀಲಿ ಒತ್ತಿ, ಜಗ್ಗಿ ನೋಡಿ ಹೋಗೀನಿ. ಮಾಸುಂಬಿ ಬೇಕಂತನ ತೆರೆದು ಇಟ್ಟು ಹೋಗ್ಯಾಳ. ನಾ ಹಾಕಿಬಿಟ್ಟೆ ಅಂತ ಆಮ್ಯಾಲ ಬಂದು ದಬ್ಬಿ ಮುರದಾಳ.”

“ಕೀಲಿಕೈ ಆಕಿ ಹಂತ್ಯಾಕ ಐತಲ್ಲ ಸರ್, ಮುರಿಯೋದ್ಯಾಕ?” ಎಂದು ನಾನು ಕೇಳಿದೆ.

“ಅದಾ ನೋಡ್ರಿ ಶ್ಯಾಣ್ಯಾತನ. ಕೀಲಿಕೈಲಿಂದ ತೆಗದ್ರ ಆಕಿ ಮ್ಯಾಲ ಬರತೈತಿ. ಮುರದ್ರ ಕಳ್ಳರ ಮ್ಯಾಲ ಬರತೈತಿ.”

ಮಾತು ಸರಿಯೆನಿಸಿತು. ನನಗೂ ಆ ಹೊತ್ತಿಗೆ ಅನುಮಾನ ಬೇರು ಬಿಟ್ಟಾಗಿತ್ತು. ಅಷ್ಟರಲ್ಲಿ ಯಮನೂರಪ್ಪ ರಸ್ತೆ ದಾಟಿ ಬಂದ. ಶಾಲೆಯ ಹತ್ತಿರ ಮನೆಗಳಿಲ್ಲ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಭತ್ತದ ಗದ್ದೆ, ರಸ್ತೆಯಾಚೆ ತುಸು ದೂರದಲ್ಲಿ ಅವನದೊಂದು ಅಂಗಡಿ. “ಮಸೂತಿಯಾಗ ಸಂಜೀದು ಅಜಾನ್ ಆದಮ್ಯಾಲ ಆಕಿ ಗೇಟಿನಿಂದ ಹೊರಗ ಬಂದಿದ್ದು ನಾ ನೋಡೀನ್ರೀ. ಸೆರಗಿನಾಗ ಏನೋ ಮುಚ್ಚಿಗೊಂಡು ಸರಸರ ಹೋದ್ಲು. ನಾ ಕರದ್ರೂ ನಿಂದರಲಿಲ್ಲ.”

ಮಾಸುಂಬಿ ಬಂದಾಗ ಎಲ್ಲರೂ ಮಾತು ನಿಲ್ಲಿಸಿದರು. ಅವಳು ಬಾಗಿಲನ್ನು ನೋಡಿದಳು, ನಮ್ಮನ್ನು ನೋಡಿದಳು. ಎಷ್ಟೊತ್ತಿಗೆ ಮನೆಗೆ ಹೋದೆ ಎಂದು ತಾಯಪ್ಪನವರು ಕೇಳಿದರೆ, “ಭಾಂಡಿ ತೊಳದು ಹೋದ್ನ್ರೀ” ಎಂದಳು. ಅಷ್ಟೇ. ಭಾಂಡೆ ತೊಳೆಯುವುದು ಮಧ್ಯಾಹ್ನಕ್ಕೇ ಮುಗಿಯುತ್ತದೆ. ಅವಳು ಸುಳ್ಳು ಹೇಳುತ್ತಿದ್ದಾಳೆಂಬುದು ಅವಳ ಮುಖದ ಮೇಲೇ ಇತ್ತು. ಬಲಗೈಯನ್ನು ಸೆರಗಿನೊಳಗಿಂದ ಹೊರಗೆ ತೆಗೆಯಲೇ ಇಲ್ಲ.

ತಾಯಪ್ಪನವರು ಕೊಂಡಿಯನ್ನು ಕಲ್ಲಿನಿಂದ ಬಡಿದು ಮತ್ತೆ ಕೂರಿಸಿದರು. ಕಾಲುವೆಯಿಂದ ಒಸರುವ ಬಸಿನೀರಿಗೆ ಚೌಕಟ್ಟು ಮೆತ್ತಗಾಗಿತ್ತು, ಮೊಳೆ ಸಲೀಸಾಗಿ ಇಳಿಯಿತು. ಶನಿವಾರ ಸಮಿತಿಯ ಸಭೆ ಎಂದು ನಿಶ್ಚಯವಾಯಿತು.

ಅಲ್ಲಿಂದ ಮುಂದೆ ಶಾಲೆಯಲ್ಲಿ ಯಾರೂ ಯಾರನ್ನೂ ನೆಟ್ಟಗೆ ನೋಡಲಿಲ್ಲ. ತಾಯಪ್ಪನವರು ಅಡುಗೆ ಕೋಣೆಯ ಎದುರಿಗೇ ಕುರ್ಚಿ ಹಾಕಿಸಿಕೊಂಡರು. ಎಣ್ಣೆ ಸುರಿಯುವಾಗ ಎದ್ದು ನೋಡುವರು, ಬೇಳೆ ಹಾಕುವಾಗ ಎದ್ದು ನೋಡುವರು. ನಾನು ಪಾಠ ಮಾಡುತ್ತಲೇ ಕಿಟಕಿಯಿಂದ ಅವಳನ್ನು ಗಮನಿಸುತ್ತಿದ್ದೆ. ಅವಳು ಎಡಗೈಯಿಂದ ಸೌಟು ಹಿಡಿದು ಬಡಿಸುತ್ತಿದ್ದಳು. ಬಲಗೈಗೆ ಏನಾಗಿದೆ, ಯಾಕೆ ಮುಚ್ಚಿಕೊಳ್ಳುತ್ತಾಳೆ ಎಂದು ತಲೆ ಕೆಡಿಸಿಕೊಂಡೆನೇ ಹೊರತು, ಹೋಗಿ ಕೇಳಲಿಲ್ಲ. ಉಪ್ಪು ನೋಡಲು ಅವಳು ನನ್ನನ್ನು ಕರೆಯುವುದನ್ನು ಬಿಟ್ಟಳು. ಸಾರು ಒಂದು ದಿನ ಉಪ್ಪಿನ ಕಡಲಾಯಿತು. ಮಕ್ಕಳು ನೀರು ಕುಡಿಯುತ್ತ ಉಂಡರು. ಅದನ್ನೂ ತಾಯಪ್ಪನವರು ಅವಳ ಲೆಕ್ಕಕ್ಕೇ ಸೇರಿಸಿದರು: “ಮನಸಿನಾಗ ಕಳ್ಳತನ ಇದ್ರ ಕೈ ಹಿಂಗಾ ತಪ್ಪತೈತಿ.”

ಪಾಠ ಮಾತ್ರ ಮುಂದುವರಿದಿತ್ತು. ಮಕ್ಕಳಿಗೆ ಬಣ್ಣದ ಸೀಮೆಸುಣ್ಣ ಕೊಟ್ಟು, ದಬ್ಬುವುದಕ್ಕೆಲ್ಲ ಕೆಂಪು ಗುರುತು, ಜಗ್ಗುವುದಕ್ಕೆಲ್ಲ ನೀಲಿ ಗುರುತು ಹಾಕಿ ಬನ್ನಿ ಎಂದು ಶಾಲೆಯೆಲ್ಲ ತಿರುಗಲು ಬಿಟ್ಟೆ. ಗೇಟಿಗೆ ಕೆಂಪು, ಧ್ವಜದ ಹಗ್ಗಕ್ಕೆ ನೀಲಿ, ತಾಯಪ್ಪನವರ ಮೇಜಿನ ಖಾನೆಗೆ ಎರಡೂ. ಹನುಮಂತುವಿನ ಗುಂಪು ಹಿಂದಿನ ಜಾಲಿ ಕಂಟಿಯವರೆಗೆ ಹೋಗಿ, ಹರಕು ಮುರುಕು ತತ್ತಿಯ ಟ್ರೇಯನ್ನು ತಂದಿತು. ಅಂಚಿನ ತುಂಬ ಹಲ್ಲಿನ ಗುರುತು.

“ನಾಯಿ ಜಗ್ಗಿಗೊಂಡು ಹೋಗ್ಯಾವ್ರೀ. ಮಣ್ಣಾಗ ಗೀರು ಬಿದ್ದೈತಿ. ಇದಕ ನೀಲಿ ಹಚ್ಚಲೇನ್ರೀ?”

ತಾಯಪ್ಪನವರು ಟ್ರೇ ತಿರುಗಿಸಿ ನೋಡಿ, “ಖಾಲಿ ಮಾಡಿ ಆಕೀನ ಅಲ್ಲಿ ಒಗದಿರಬೇಕು” ಎಂದರು.

ಮರುದಿನ ಮಕ್ಕಳು ಅಡುಗೆ ಕೋಣೆಯ ಬಾಗಿಲಿಗೆ ಬಂದರು. ಅಲ್ಲಿ ಜಗಳ ಎದ್ದಿತು. ಆ ಬಾಗಿಲು ಒಳಕ್ಕೆ ತೆರೆಯುವಂಥದ್ದು. ಹನುಮಂತು ಕೆಂಪು ಹಚ್ಚಿದ, ಬಸ್ಸಮ್ಮ ಅದನ್ನು ಅಳಿಸಿ ನೀಲಿ ಹಚ್ಚಿದಳು. ಬಸ್ಸಮ್ಮ ಯಮನೂರಪ್ಪನ ಮೊಮ್ಮಗಳು. ಅಜ್ಜಿಯ ಹೆಸರನ್ನೂ ಅಜ್ಜಿಯ ಗತ್ತನ್ನೂ ಹೊತ್ತುಕೊಂಡು ಹುಟ್ಟಿದ ಎರಡನೆಯ ತರಗತಿಯ ಹುಡುಗಿ. ಯಾರಿಗೂ ಸೋಲುವವಳಲ್ಲ.

“ಒಳಗ ನಿಂತವರು ಜಗ್ಗಬೇಕಲೇ! ತೋರಸ್ತೀನಿ ನೋಡು,” ಎನ್ನುತ್ತ ಅವಳು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಆಮೇಲೆ ಅವಳ ದನಿ ಬಂತು: “ಟೀಚರ್ರೀ, ಹಿಡಿಕಿ ಕೈಯಾಗ ಬರಾಕತ್ತೈತ್ರೀ!”

ನಾನು ಒಳಗೆ ಹೋಗಿ ಬಾಗಿಲು ಮುಚ್ಚಿ ನೋಡಿದೆ. ಹಗಲೆಲ್ಲ ತೆರೆದಿರುವ ಬಾಗಿಲು ಅದು, ಅದರ ಒಳಮೈ ಯಾವಾಗಲೂ ಗೋಡೆಗೆ ಒರಗಿರುತ್ತದೆ. ಹಾಗಾಗಿ ಇಷ್ಟು ದಿನ ಯಾರೂ ಆ ಕಡೆ ನೋಡಿರಲಿಲ್ಲ. ಕಬ್ಬಿಣದ ಹಿಡಿಕೆಯ ಮೇಲಿನ ಸ್ಕ್ರೂಗಳು ಹಲಗೆಯಿಂದ ಅರ್ಧ ಕಿತ್ತು ಬಂದಿದ್ದವು. ಹಲಗೆ ಅಲ್ಲಿ ಹೊಸದಾಗಿ ಸಿಗಿದು ಬಿಳುಚಿತ್ತು. ಹಿಡಿಕೆಯ ಸಂದಿಯಲ್ಲಿ ಹಸಿರು ಬಳೆಯ ಒಂದು ಚೂರು ಸಿಕ್ಕಿಕೊಂಡಿತ್ತು.

“ಹೊರಗಿಂದ ದಬ್ಬಿ ಮುರದ್ರ ಒಳಗಿನ ಹಿಡಿಕಿ ಯಾಕ ಕಿತ್ತೈತ್ರೀ?” ಎಂದಳು ಬಸ್ಸಮ್ಮ. ನಾನು ಆ ಚೂರನ್ನು ಮುಟ್ಟದೆ ಅಲ್ಲೇ ಬಿಟ್ಟೆ.

ಅಂದು ಊಟ ಮುಗಿದ ಮೇಲೆ ಮಾಸುಂಬಿಯ ಹತ್ತಿರ ಹೋದೆ. “ಮಾಸುಂಬವ್ವಾ, ಅವತ್ತ ನೀ ಒಳಗ ಇದ್ದೇನು?” ಎಂದು ಮೆಲ್ಲಗೆ ಕೇಳಿದೆ. ಅವಳು ಭಾಂಡೆ ಉಜ್ಜುವುದನ್ನು ನಿಲ್ಲಿಸಿ ನನ್ನನ್ನು ಬಹಳ ಹೊತ್ತು ನೋಡಿದಳು. ಈ ಟೀಚರ್ ಯಾರ ಕಡೆಯವಳು ಎಂದು ತೂಗುತ್ತಿದ್ದಾಳೆಂಬುದು ನನಗೆ ತಿಳಿಯುತ್ತಿತ್ತು.

“ಯಾರ ಕಳಿಸ್ಯಾರ್ರಿ ನಿಮ್ಮನ್ನ, ಸರ್ ಏನು?” ಎಂದಳು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಎದ್ದು ಬಂದೆ.

ಶನಿವಾರ ಶಾಲೆ ಬಿಡುವ ಹೊತ್ತಿಗೆ ಅಡುಗೆ ಕೋಣೆಯ ಮುಂದೆಯೇ ಸಭೆ ಸೇರಿತು. ಮಕ್ಕಳನ್ನು ಮನೆಗೆ ಹೋಗಿ ಎಂದರೂ ಒಬ್ಬರೂ ಹೋಗಲಿಲ್ಲ. ಗೇಟಿನ ಹತ್ತಿರ ರೇಣುಕಮ್ಮ ಹೊಸ ಸೀರೆಯುಟ್ಟು ನಿಂತಿದ್ದಳು. ಮಾಸುಂಬಿ ಕಟ್ಟೆಯ ತುದಿಯಲ್ಲಿ ನೆಲ ನೋಡುತ್ತ ಕೂತಿದ್ದಳು.

“ಇನ್ನ ಕೇಳೋದೇನೈತ್ರಿ?” ಎಂದ ಯಮನೂರಪ್ಪ. “ಬಳಿ ಚೂರು ಆಕೀದು. ಕಣ್ಣಾರೆ ನೋಡಿದಾಂವ ನಾ ಅದೀನಿ. ಪಾಪ ಅಂತ ಪೊಲೀಸ್ರ ಮಟ ಹೋಗೋದು ಬ್ಯಾಡ, ಕೆಲಸಾ ಬಿಡಿಸಿ ಕೈ ತೊಳಕೊಳ್ರಿ.”

“ಒಂದ್ ನಿಮಿಷ ತಡೀರಿ,” ಎಂದೆ ನಾನು. “ಬಸ್ಸಮ್ಮಾ, ನಿಮ್ಮ ಅಜ್ಜಗ ಪಾಠ ಹೇಳು ಬಾ.”

ಹುಡುಗಿ ಇದಕ್ಕೇ ಕಾಯುತ್ತಿದ್ದವಳಂತೆ ಎದ್ದು ಬಂದು ಬಾಗಿಲು ಮುಚ್ಚಿದಳು. “ಅಜ್ಜಾ, ಹೊರಗ ನಿಂತು ದಬ್ಬು.” ಯಮನೂರಪ್ಪ ನಗುತ್ತ ಒಂದು ಕೈಯಿಂದ ದಬ್ಬಿದ. ಬಾಗಿಲು ಒಳಕ್ಕೆ ತೆರೆಯಿತು.

“ಒಳಗಿನ ಹಿಡಿಕಿ ಮುಟ್ಟಿದೇನು?”

“ನಾ ಯಾಕ ಮುಟ್ಟಲೇ, ಹೊರಗ ನಿಂತೀನಲ್ಲ.”

“ಮತ್ತ ಅದು ಯಾಕ ಕಿತ್ತು ಬಂದೈತಿ?”

ಯಮನೂರಪ್ಪ ಬಾಗಿಲ ಹಿಂದೆ ತಲೆ ಹಾಕಿ ನೋಡಿದ. “ಏ, ಹಳೇದಿರತೈತಿ ಬಿಡು,” ಎಂದ. ಆದರೆ ತಾಯಪ್ಪನವರು ಕುರ್ಚಿಯಿಂದ ಎದ್ದಿದ್ದರು. ಅವರು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡರು. ಒಳಗಿನಿಂದ ಹಿಡಿಕೆ ಜಗ್ಗುವ ಸದ್ದು ಬಂತು. ಹೊರಗೆ ಬಂದಾಗ ಅವರ ಕೈಯಲ್ಲಿ ಆ ಬಳೆಯ ಚೂರು ಇತ್ತು. ಆದರೆ ಅವರಿಗೆ ಇನ್ನೂ ಪೂರ್ತಿ ತಿಳಿದಿಲ್ಲವೆಂಬುದು ಮುಖದಲ್ಲೇ ಕಾಣುತ್ತಿತ್ತು. ಅವರ ಅನುಮಾನ ಇನ್ನೂ ಹೊರಗಿನವರನ್ನೇ ಹುಡುಕುತ್ತಿತ್ತು.

“ಒಳಗ ಯಾರೋ ಇದ್ರು,” ಎಂದರು. “ಒಳಗ ಇದ್ದವರು ಹೊರಗ ಬರಾಕ ಜಗ್ಯಾರ. ಹಂಗಾರ ಅವರನ್ನ ಒಳಗ ಹಾಕಿ ಕೀಲಿ ಒತ್ತಿದವರು ಯಾರು?”

ತರಗತಿಯಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕೂಗುವುದು ಮಕ್ಕಳಿಗೆ ರೂಢಿ. ಕೇಳಿದವರು ಹೆಡ್ಮಾಸ್ತರು ಬೇರೆ. ಎಲ್ಲರೂ ಒಟ್ಟಿಗೆ ಕೂಗಿದರು:

“ದೊಡ್ಡ ಸರ್ರೀ!”

ಯಾರೂ ನಗಲಿಲ್ಲ. ತಾಯಪ್ಪನವರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡರು. ಚಿಲಕ ಹಾಕಿದ್ದಿಲ್ಲ, ಕೀಲಿ ತೆರೆದು ಜೋತಾಡಾಕತ್ತಿತ್ತು, ನಾನ ಒತ್ತಿ ಹೋಗೀನಿ ಎಂದು ಅವರೇ ಇಡೀ ಕ್ಯಾಂಪಿನ ಮುಂದೆ ಹೇಳಿದ್ದರು. ಒಳಗೆ ಒಬ್ಬಳು ಇದ್ದಾಗ ಹೊರಗಿನ ಚಿಲಕ ಹೇಗೆ ಹಾಕಿರುತ್ತದೆ?

ಮಾಸುಂಬಿ ಸೆರಗು ಸರಿಸಿದಳು. ಬಲ ಮುಂಗೈಯ ಸುತ್ತ ಗಾಯ ಕಪ್ಪುಗಟ್ಟಿತ್ತು. ಬಳೆ ಒಡೆದು ಚುಚ್ಚಿದ ಕಡೆ ಇನ್ನೂ ಬಾತಿತ್ತು. ಯಮನೂರಪ್ಪ ಕಂಡದ್ದು ಸೆರಗಿನಲ್ಲಿ ಸುತ್ತಿಕೊಂಡ ಆ ಕೈಯನ್ನು.

“ಬಿಸಲಿಗೆ ಕಣ್ಣು ಕತ್ತಲಿ ಬಂತ್ರೀ. ಭಾಂಡಿ ತೊಳದು, ಬಾಗಲಾ ಮುಂದಕ ಮಾಡಿ, ತಣ್ಣಗಿನ ನೆಲದ ಮ್ಯಾಲ ಅಡ್ಡಾದೆ. ನಿದ್ದಿ ಹತ್ತಿಬಿಡ್ತು. ಎಚ್ಚರಾದಾಗ ಕೀಲಿ ಬಿದ್ದಿತ್ತು. ಕೀಲಿಕೈ ನನ್ನ ಸೊಂಟದಾಗ ಇತ್ತು. ಒಳಗ ಕುಂತಾಕಿಗೆ ಅದು ಯಾತಕ ಬರತೈತ್ರೀ? ಕೂಗಿದೆ, ಒದರಿದೆ. ಮಂದಿ ಇಲ್ಲ. ಹೊತ್ತು ಮುಣಗತಿತ್ತು, ಅಂಜಿಕಿ ಬಂತು. ಹಿಡಿಕಿ ಹಿಡಕೊಂಡು ಜಗ್ಗಿದೆ, ಜಗ್ಗಿದೆ. ಅಜಾನ್ ಆಗೋದಕ ಕೊಂಡಿ ಕಿತ್ತು ಬಂತು. ಆ ಬಾಗಲಾ ಮುಚ್ಚಾಕ ಆಗಲಿಲ್ಲ, ಹಂಗಾ ಬಿಟ್ಟು ಹೋದೆ. ನಾಯಿ ತತ್ತಿ ಒಯ್ದಾವ. ಅದೊಂದು ನನ್ನ ತಪ್ಪು.”

“ಹುಚ್ಚಿ, ಮೊದಲಾ ಯಾಕ ಹೇಳಲಿಲ್ಲ?” ಎಂದರು ತಾಯಪ್ಪನವರು.

“ಏನಂತ ಹೇಳಲಿರಿ ಸರ್ರಾ? ಮಕ್ಕೊಂಡಿದ್ದೆ ಅಂದ್ರ, ರೋಜಾ ಇದ್ದಾಕಿ ಕೈಲಿಂದ ಆಗಲ್ಲ, ಬಿಡು ಅಂತಿದ್ರಿ. ಹೇಳದಿದ್ರ ಕಳ್ಳಿ ಅಂದ್ರಿ. ಯಾವುದರಾಗ ಕೆಲಸಾ ಉಳೀತೈತಿ ಅಂತ ನೋಡಾಕತ್ತಿದ್ದೆ.” ಅವಳು ತಲೆಯೆತ್ತಿ ಮೊದಲ ಸಲ ಅವರನ್ನು ನೆಟ್ಟಗೆ ನೋಡಿದಳು. “ಇನ್ನೊಂದು ಹೇಳತೀನ್ರೀ. ನನಗ ಎಚ್ಚರಾಗಿದ್ದಾ ನೀವು ಕೀಲಿ ಜಗ್ಗೋ ಸದ್ದಿಗೆ. ಸರ್ರಾ, ನಾ ಒಳಗ ಅದೀನಿ ಅಂತ ಬಾಗಲಾ ಬಡದೆ. ನಿಮ್ಮ ಗಾಡಿ ಚಾಲೂ ಆತು, ಹೋಗಿಬಿಟ್ರಿ. ಬೇಕಂತನ ಹಾಕ್ಯಾರ ಅಂತ ತಿಳಕೊಂಡೆ. ರೇಣುಕಮ್ಮನ ಸಲುವಾಗಿ.”

“ದೇವರಾಣಿ, ಮಾಸುಂಬಿ!” ತಾಯಪ್ಪನವರು ಎರಡು ಹೆಜ್ಜೆ ಮುಂದೆ ಬಂದರು. “ನನಗ ಕೇಳಿಸಲಿಲ್ಲ. ನನ್ನ ಮಕ್ಕಳ ಮ್ಯಾಲ ಆಣಿ, ನೀ ಒಳಗ ಇದ್ದೀ ಅಂತ ನನಗ ಗೊತ್ತಿದ್ದಿಲ್ಲ. ನಂಬು.”

ಮಾಸುಂಬಿ ಸೆರಗನ್ನು ಮತ್ತೆ ಕೈಯ ಮೇಲೆ ಎಳೆದುಕೊಂಡಳು.

“ಇರಬಹುದ್ರೀ,” ಎಂದಳು.

ಯಮನೂರಪ್ಪ ಮೊಮ್ಮಗಳ ಕೈ ಹಿಡಿದುಕೊಂಡು ಯಾರಿಗೂ ಹೇಳದೆ ಹೊರಟ. ಗೇಟಿನ ಹತ್ತಿರ ನಿಂತಿದ್ದ ರೇಣುಕಮ್ಮ ಅವನಿಗಿಂತ ಮೊದಲೇ ಹೋಗಿದ್ದಳು. ಮಾಸುಂಬಿಯ ಕೆಲಸ ಉಳಿಯಿತು.

ಸೋಮವಾರ ಸಾರು ಕುದಿ ಬಂದಾಗ, “ಟೀಚರ್ರೀ, ಉಪ್ಪು ನೋಡ್ರಿ ಬರ್ರಿ” ಎಂಬ ಕೂಗು ಕೇಳಿಸಿತು. ನಾನು ಪಾಠ ಬಿಟ್ಟು ಓಡಿದೆ ಎಂದರೂ ಸರಿಯೇ. ಅಂಗೈಯ ಸಾರು ನೆಕ್ಕಿ, “ಸರಿ ಐತಿ” ಎಂದೆ. ಅವಳು ತಲೆಯಾಡಿಸಿದಳು. ಆಗ ನೋಡಿದೆ, ಬೀಗ ಕೊಂಡಿಯಲ್ಲಿರಲಿಲ್ಲ. ಅಡುಗೆಯವರೆಲ್ಲ ಬಾಗಿಲು ತೆರೆದ ಮೇಲೆ ಬೀಗವನ್ನು ಕೊಂಡಿಗೇ ಜೋತುಬಿಡುತ್ತಾರೆ, ಎಲ್ಲ ಶಾಲೆಗಳಲ್ಲೂ ಹಾಗೇ. ಮಾಸುಂಬಿ ಅದನ್ನು ಒಳಗೆ ತಂದು, ತಾನು ಅಡ್ಡಾಗುವ ಮೂಲೆಯಲ್ಲಿ, ಮಡಿಚಿದ ಚೀಲದ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಳು.

ಸಂಜೆ ನಾನು ಬಸ್ಸಿಗೆ ಹೊರಟು ಇನ್ನೂ ಶಾಲೆಯ ಅಂಗಳದಲ್ಲಿದ್ದೆ. ತಾಯಪ್ಪನವರು ಕೋಣೆಯಿಂದ ಕೋಣೆಗೆ ಬೀಗ ಜಗ್ಗುತ್ತ ಬಂದು ಅಡುಗೆ ಕೋಣೆಯ ಮುಂದೆ ನಿಂತರು. ಬಾಗಿಲು ಮುಂದಕ್ಕೆ ಮಾಡಿತ್ತು. ಅವರು ಅಭ್ಯಾಸದಂತೆ ಕೈ ಚಾಚಿದರು. ಕೊಂಡಿ ಖಾಲಿ ಇತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಬಾಗಿಲನ್ನು ಮುಟ್ಟದೆ, ಒಳಗಿರುವವಳಿಗೆ ಕೇಳುವಷ್ಟು ಮಾತ್ರ ದನಿಯೆತ್ತಿ ಹೇಳಿದರು:

“ಮಾಸುಂಬವ್ವಾ, ನಾ ಹೊಂಟೆ. ಕೀಲಿ ನಿನ್ನ ಹಂತ್ಯಾಕ ಐತಿ.”

ಅವರು ಗೇಟಿನವರೆಗೆ ಹೋದರು, ಏನೋ ನೆನಪಾದಂತೆ ನಿಂತರು, ತಿರುಗಿ ನೋಡಿದರು. ಜಗ್ಗಿ ನೋಡಲು ಅಲ್ಲಿ ಬೀಗವೇ ಇರಲಿಲ್ಲ.